ಬೆಸುಗೆಯ ಸದ್ದು ಕೇಳುವ ಯಂತ್ರ

ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ತಲೆ ನರೆತ ವೆಲ್ಡರ್ ಒಬ್ಬರನ್ನು ಸ್ವಲ್ಪ ಹೊತ್ತು ಗಮನಿಸಿ. ಅತ್ತ ಬೆನ್ನು ಹಾಕಿ ಟೀ ಕುಡಿಯುತ್ತಿರುತ್ತಾರೆ. ಇದ್ದಕ್ಕಿದ್ದಂತೆ ತಿರುಗಿ "ಲೋ, ಗ್ಯಾಸ್ ನೋಡೋ" ಅಂತ ಹುಡುಗನಿಗೆ ಕೂಗುತ್ತಾರೆ. ಹೋಗಿ ನೋಡಿದರೆ ಸಿಲಿಂಡರ್ ಖಾಲಿ. ಅವರು ಕಣ್ಣಲ್ಲಿ ಏನೂ ನೋಡಲಿಲ್ಲ, ಕಿವಿಯಲ್ಲಿ ಕೇಳಿದರು ಅಷ್ಟೇ. ಸಿಓಟು ವೆಲ್ಡಿಂಗ್ (ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು ಮಾಡುವ ಬೆಸುಗೆ) ಚೆನ್ನಾಗಿ ಓಡುತ್ತಿದ್ದರೆ, ಕಾದ ಎಣ್ಣೆಗೆ ಬಜ್ಜಿ ಬಿಟ್ಟ ಹಾಗೆ ಒಂದೇ ಸಮನೆ ಚುರ್ರ್ ಅನ್ನುತ್ತದೆ. ಕೆಟ್ಟರೆ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಟಪಟ ಶುರುವಾಗುತ್ತದೆ.

ಕಾರ್ಖಾನೆಗಳಲ್ಲಿ ಈಗ ಸೆನ್ಸರ್, ಡೇಟಾ, ರೋಬೋಟ್ ಅಂತ ನಡೆಯುತ್ತಿರುವುದೆಲ್ಲ ಈ ಕಿವಿಯನ್ನು ಯಂತ್ರಕ್ಕೆ ಕೊಡುವ ಕೆಲಸ. ಕಿವಿಯ ಜೊತೆಗೆ ಕಣ್ಣು, ಕೈ ಕೂಡ. ಮೂರರಲ್ಲಿ ಕಿವಿಯೇ ಸುಲಭ. ಕಣ್ಣು ಕಷ್ಟ. ಕೈ ಇನ್ನೂ ಕಷ್ಟ.

ಮೊದಲು ಆ ಸದ್ದು ಏನು ಅಂತ ನೋಡೋಣ. ಸಿಓಟು ಮೆಷಿನ್‌ನಲ್ಲಿ ರೀಲಿನಿಂದ ಬರುವ ತಂತಿಯೇ ಎಲೆಕ್ಟ್ರೋಡ್, ಅಂದರೆ ಕರೆಂಟ್ ಹೊತ್ತು ತಂದು ತಾನೂ ಕರಗುವ ತುದಿ. ದಪ್ಪ ಸಾಮಾನ್ಯವಾಗಿ 0.8ರಿಂದ 1.2 ಮಿ.ಮೀ. ಒಂದು ಮೋಟಾರು ಅದನ್ನು ನಿಮಿಷಕ್ಕೆ ಹಲವು ಮೀಟರ್ ವೇಗದಲ್ಲಿ ಟಾರ್ಚಿನೊಳಗೆ, ಅಂದರೆ ವೆಲ್ಡರ್ ಕೈಯಲ್ಲಿ ಹಿಡಿಯುವ ಪಿಡಿಯೊಳಗೆ, ದೂಡುತ್ತಿರುತ್ತದೆ. ತಂತಿಯ ತುದಿಗೂ ಜಾಬ್‌ಗೂ (ಅಂದರೆ ಬೆಸೆಯುತ್ತಿರುವ ಲೋಹದ ತುಂಡಿಗೂ) ನಡುವೆ ಆರ್ಕ್ ಎಂಬ ವಿದ್ಯುತ್ ಕಿಡಿ ಹೊತ್ತಿಕೊಳ್ಳುತ್ತದೆ. ಅಲ್ಲಿನ ಬಿಸಿ 6000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಉಕ್ಕು ಕರಗಲು 1500 ಡಿಗ್ರಿ ಆಸುಪಾಸು ಸಾಕು. ತೆಳು ತಗಡಿಗೆ ವೋಲ್ಟೇಜ್ ಕಡಿಮೆ ಇಟ್ಟಾಗ, ತಂತಿಯ ತುದಿಯ ಹನಿ ಕೆಳಗಿನ ಕರಗಿದ ಲೋಹವನ್ನು ಮುಟ್ಟುತ್ತದೆ. ಮುಟ್ಟಿದ ಕೂಡಲೇ ಶಾರ್ಟ್ ಸರ್ಕ್ಯೂಟ್. ವೋಲ್ಟೇಜ್ ಸೊನ್ನೆಯ ಹತ್ತಿರ ಬೀಳುತ್ತದೆ, ಕರೆಂಟ್ ಜಿಗಿಯುತ್ತದೆ, ಹನಿ ಕಳಚಿಕೊಳ್ಳುತ್ತದೆ, ಆರ್ಕ್ ಮತ್ತೆ ಹೊತ್ತುತ್ತದೆ. ಸೆಕೆಂಡಿಗೆ 20ರಿಂದ 200 ಸಲ ಹೀಗೆ. ಪ್ರತಿ ಸಲವೂ ಒಂದು ಸಣ್ಣ ಸದ್ದು. ಸಮನಾಗಿ ಬಂದರೆ ಬಜ್ಜಿ, ಹೆಚ್ಚುಕಮ್ಮಿಯಾದರೆ ಸಾಸಿವೆ.

ಅಂದರೆ ಆ ಹಿರಿಯರ ಕಿವಿ ಶಾರ್ಟ್ ಸರ್ಕ್ಯೂಟ್‌ಗಳನ್ನು ಎಣಿಸುತ್ತಿತ್ತು. ಅದೇ ಎಣಿಕೆಯನ್ನು ವೋಲ್ಟೇಜಿನ ಎರಡು ವೈರ್ ಕೂಡ ಮಾಡಬಲ್ಲವು, ಅದೂ ಶೆಡ್ಡಿನ ಗ್ರೈಂಡರ್ ಗಲಾಟೆಯ ಹಂಗಿಲ್ಲದೆ.

ಇಡ್ಲಿಗೆ ಕಡ್ಡಿ ಚುಚ್ಚಬಹುದು, ಬೆಸುಗೆಗೆ?

ಇಷ್ಟೆಲ್ಲ ಯಾಕೆ, ಮುಗಿದ ಮೇಲೆ ಪರೀಕ್ಷೆ ಮಾಡಿದರೆ ಆಗಲ್ವಾ ಅಂತ ಕೇಳಬಹುದು. ಇಡ್ಲಿ ಬೆಂದಿದೆಯಾ ಅಂತ ಒಂದು ಕಡ್ಡಿ ಚುಚ್ಚಿ ನೋಡುತ್ತೇವೆ. ಬೆಸುಗೆಗೆ ಹಾಗೆ ಚುಚ್ಚಲು ಬರುವುದಿಲ್ಲ. ಮೇಲೆ ಬೀಡ್, ಅಂದರೆ ಬೆಸುಗೆಯ ಉಬ್ಬುಗೆರೆ, ಮೀನಿನ ಹುರುಪೆಯ ಹಾಗೆ ಅಂದವಾಗಿ ಕೂತಿರುತ್ತದೆ. ಒಳಗೆ ಲೋಹ ಗೋಡೆಗೆ ಅಂಟಿದ್ದೇ ಇಲ್ಲದಿರಬಹುದು. ಪೂರ್ತಿ ಖಾತ್ರಿ ಬೇಕೆಂದರೆ ಕೊಯ್ದು ನೋಡಬೇಕು. ಕೊಯ್ದ ಮೇಲೆ ಅದು ಗುಜರಿ. ಎಕ್ಸ್-ರೇ, ಅಲ್ಟ್ರಾಸೋನಿಕ್ ಇವೆ, ನಿಜ. ಆದರೆ ಎಲ್ಲ ಜಾಯಿಂಟ್‌ಗೂ ಅದನ್ನು ಮಾಡಿಸುವಷ್ಟು ದುಡ್ಡೂ ಸಮಯವೂ ಯಾರಿಗೂ ಇರುವುದಿಲ್ಲ. ಹಾಗಾಗಿಯೇ ಗುಣಮಟ್ಟದ ಲೋಕದಲ್ಲಿ ವೆಲ್ಡಿಂಗನ್ನು 'ವಿಶೇಷ ಪ್ರಕ್ರಿಯೆ' ಎನ್ನುತ್ತಾರೆ. ಕೊನೆಯಲ್ಲಿ ಪರೀಕ್ಷೆ ಮಾಡಿ ಗುಣಮಟ್ಟ ತರಲಾಗದು, ಮಾಡುವಾಗಲೇ ಹಿಡಿತದಲ್ಲಿಡಬೇಕು ಎಂಬುದು ಅದರ ಅರ್ಥ. ಐಎಸ್‌ಒ 3834 ಎಂಬ ವೆಲ್ಡಿಂಗ್ ಗುಣಮಟ್ಟದ ಅಂತರರಾಷ್ಟ್ರೀಯ ಮಾನದಂಡದ ಬುನಾದಿಯೂ ಇದೇ.

ಸಣ್ಣ ಬೆಸುಗೆ ಏನು ಮಾಡಬಲ್ಲದು ಎಂಬುದಕ್ಕೆ ಅಲೆಕ್ಸಾಂಡರ್ ಕೀಲಾಂಡ್ ಎಂಬ ನಾರ್ವೆಯ ತೇಲುವ ತೈಲ ರಿಗ್ಗಿನ ಕಥೆ ಇದೆ. 1980ರ ಮಾರ್ಚ್ 27ರ ಸಂಜೆ ಅದು ಉತ್ತರ ಸಮುದ್ರದಲ್ಲಿ ಮಗುಚಿಕೊಂಡಿತು. ಅದರಲ್ಲಿದ್ದ 212 ಜನರಲ್ಲಿ 123 ಮಂದಿ ಸತ್ತರು. ತನಿಖೆ ಹೋಗಿ ನಿಂತದ್ದು ಕೇವಲ 6 ಮಿ.ಮೀ.ನ ಒಂದು ಫಿಲೆಟ್ ವೆಲ್ಡ್ (ಎರಡು ಲೋಹದ ಭಾಗಗಳು ಸೇರುವ ಮೂಲೆಗೆ ಹಾಕುವ ಬೆಸುಗೆ) ಮುಂದೆ. ಅದು ಭಾರ ಹೊರುವ ಜಾಯಿಂಟ್ ಕೂಡ ಆಗಿರಲಿಲ್ಲ. ನೀರಿನೊಳಗಿನ ಸದ್ದು ಕೇಳುವ ಹೈಡ್ರೋಫೋನ್ ಎಂಬ ಉಪಕರಣವನ್ನು ಕೂರಿಸಲು, ದೊಡ್ಡ ಕೊಳವೆಗೆ ಹಾಕಿದ ಬೆಸುಗೆ. ಅಲ್ಲಿ ಶುರುವಾದ ಬಿರುಕು ಕೊಳವೆಯನ್ನೇ ತುಂಡರಿಸಿತು, ಆಮೇಲೆ ರಿಗ್ಗಿನ ಒಂದು ಕಾಲೇ ಕಳಚಿಹೋಯಿತು. ಬಿರುಕಿನ ಒಳಗೆ ಬಣ್ಣದ ಗುರುತು ಸಿಕ್ಕಿತು. ರಿಗ್ಗಿಗೆ ಬಣ್ಣ ಹೊಡೆಯುವ ಹೊತ್ತಿಗೇ ಅಲ್ಲಿ ಬಿರುಕು ಇತ್ತು ಎಂದಾಯಿತು. ಸೆನ್ಸರ್ ಕೂರಿಸಲು ಹಾಕಿದ ಬೆಸುಗೆಯನ್ನು ಕಾಯಲು ಯಾವ ಸೆನ್ಸರೂ ಇರಲಿಲ್ಲ.

ಆರ್ಕೇ ಸೆನ್ಸರ್

ವೆಲ್ಡಿಂಗ್ ಪಕ್ಕದಲ್ಲಿ ಸೂಕ್ಷ್ಮ ಉಪಕರಣ ಇಡುವುದು ಅಂದರೆ ಒಲೆಯೊಳಗೆ ಗಡಿಯಾರ ಇಟ್ಟ ಹಾಗೆ. ಕಣ್ಣು ಕುಕ್ಕುವ ಬೆಳಕು, ಸಿಡಿಯುವ ಸ್ಪಾಟರ್ (ಕರಗಿದ ಲೋಹದ ಹನಿಗಳು), ಹೊಗೆ, ನೂರಾರು ಆಂಪಿಯರ್‌ನ ಕಾಂತಕ್ಷೇತ್ರ. ಹಾಗಾಗಿ ಈ ಕ್ಷೇತ್ರದ ಅತಿ ಜಾಣ ಉಪಾಯವೆಂದರೆ ಹೊಸ ಸೆನ್ಸರ್ ತಂದಿಡದೆ ಆರ್ಕನ್ನೇ ಸೆನ್ಸರ್ ಮಾಡಿಕೊಂಡದ್ದು.

ಇದು ಹೊಸದೇನಲ್ಲ. 1920ರಲ್ಲೇ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪಿ. ಒ. ನೋಬೆಲ್ (ಬಹುಮಾನದ ನೊಬೆಲ್ ಬೇರೆ) ಸ್ವಯಂಚಾಲಿತ ವೆಲ್ಡಿಂಗ್ ತಂದಿದ್ದರು. ಆರ್ಕ್ ಉದ್ದವಾದರೆ ವೋಲ್ಟೇಜ್ ಏರುತ್ತದೆ, ಗಿಡ್ಡವಾದರೆ ಇಳಿಯುತ್ತದೆ. ಆ ವೋಲ್ಟೇಜನ್ನೇ ನೋಡಿಕೊಂಡು ಮೋಟಾರು ತಂತಿಯನ್ನು ಬೇಗ ಅಥವಾ ನಿಧಾನ ದೂಡುತ್ತಿತ್ತು. ಸವೆದ ಮೋಟಾರ್ ಶಾಫ್ಟ್, ಕ್ರೇನಿನ ಚಕ್ರಗಳಿಗೆ ಲೋಹ ತುಂಬಲು ಅದನ್ನು ಬಳಸಿದರು. ಕಂಪ್ಯೂಟರ್ ಹುಟ್ಟುವ ಮೊದಲೇ ಅಳೆ, ಹೋಲಿಸು, ತಿದ್ದು ಎಂಬ ಸುತ್ತು ಪೂರ್ತಿಯಾಗಿತ್ತು.

ಇವತ್ತಿನ ಸಿಓಟು ಮೆಷಿನ್ ಇನ್ನೂ ಸರಳ. ಅದು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ, ತಂತಿಯನ್ನು ಒಂದೇ ವೇಗದಲ್ಲಿ ಬಿಡುತ್ತದೆ. ಆರ್ಕ್ ಅಕಸ್ಮಾತ್ ಉದ್ದವಾದರೆ ಕರೆಂಟ್ ತಾನಾಗಿ ಕಡಿಮೆಯಾಗುತ್ತದೆ. ತಂತಿ ನಿಧಾನ ಕರಗುತ್ತದೆ, ಆದರೆ ಬರುವ ವೇಗ ಅಷ್ಟೇ ಇರುತ್ತದೆ. ಆರ್ಕ್ ಮತ್ತೆ ಗಿಡ್ಡವಾಗುತ್ತದೆ. ಯಾರೂ ತಿದ್ದಬೇಕಿಲ್ಲ. ನಾವು ಆಂಪಿಯರ್ ನಾಬ್ ಅಂತ ತಿರುಗಿಸುವುದು ನಿಜಕ್ಕೂ ತಂತಿಯ ವೇಗದ ನಾಬ್ ಎಂಬುದು ಇದರಿಂದ ಗೊತ್ತಾಗುತ್ತದೆ.

ಟಾರ್ಚನ್ನೇ ಜಾಬ್‌ನಿಂದ ದೂರ ಎತ್ತಿದರೆ? ಟಿಪ್‌ನಿಂದ (ತಂತಿ ಹೊರಬರುವ ಟಾರ್ಚಿನ ತುದಿಯಿಂದ) ಹೊರಗೆ ಚಾಚಿದ ತಂತಿ ಉದ್ದವಾಗುತ್ತದೆ, ಕರೆಂಟ್ ಕಡಿಮೆ ಮಟ್ಟದಲ್ಲಿ ನಿಲ್ಲುತ್ತದೆ. ಹತ್ತಿರ ತಂದರೆ ಏರುತ್ತದೆ. ಅಂದರೆ ಕರೆಂಟ್ ಮೀಟರ್ ಒಂದು ಲೆಕ್ಕದಲ್ಲಿ ದೂರ ಅಳೆಯುವ ಟೇಪು. ಇದನ್ನೇ ರೋಬೋಟ್ ಬಳಸಿಕೊಳ್ಳುತ್ತದೆ. ಎರಡು ಪ್ಲೇಟು ಸೇರುವ ಮೂಲೆಯಲ್ಲಿ ಟಾರ್ಚನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ ಹೋಗುತ್ತದೆ, ವೆಲ್ಡರ್ ವೀವಿಂಗ್ ಮಾಡುವ ಹಾಗೆ. ಎಡಗಡೆಯ ಗೋಡೆಗೆ ಹತ್ತಿರವಾದಾಗ ಕರೆಂಟ್ ಏರುತ್ತದೆ, ಬಲಗಡೆಗೆ ಹೋದಾಗಲೂ ಏರುತ್ತದೆ. ಎರಡೂ ಸಮ ಇದ್ದರೆ ಮಧ್ಯದಲ್ಲಿದ್ದೇನೆ. ಎಡಗಡೆ ಜಾಸ್ತಿ ಏರಿದರೆ ಎಡಕ್ಕೆ ವಾಲಿದ್ದೇನೆ, ಬಲಕ್ಕೆ ಸರಿಯಬೇಕು. ಕತ್ತಲೆ ಓಣಿಯಲ್ಲಿ ಎರಡೂ ಕಡೆಯ ಗೋಡೆ ತಡವಿಕೊಂಡು ನಡೆದ ಹಾಗೆ. ಕ್ಯಾಮೆರಾ ಬೇಡ, ಲೇಸರ್ ಬೇಡ.

ಗೋಡೆ ಇರಬೇಕು, ಅಷ್ಟೇ. ಕೆಜಿಎಫ್‌ನಲ್ಲೋ ಧಾರವಾಡದಲ್ಲೋ ತಯಾರಾಗುವ ಎಕ್ಸ್‌ಕವೇಟರ್‌ನಂಥ ಯಂತ್ರದ ಬೂಮ್, ಅಂದರೆ ಅದರ ಉದ್ದ ತೋಳು, ನೆನಪು ಮಾಡಿಕೊಳ್ಳಿ. ದಪ್ಪ ಪ್ಲೇಟು, ಉದ್ದುದ್ದ ಫಿಲೆಟ್. ಅಂಥ ಕೆಲಸಕ್ಕೆ ಈ ಉಪಾಯ ಹೇಳಿ ಮಾಡಿಸಿದ್ದು. ತೆಳು ತಗಡುಗಳನ್ನು ಒಂದರ ಮೇಲೊಂದು ಇಟ್ಟು ಬೆಸೆಯುವ ಲ್ಯಾಪ್ ಜಾಯಿಂಟಿನಲ್ಲಿ ತಡವಲು ಗೋಡೆಯೇ ಇಲ್ಲ.

ಕುರುಡು ರೋಬೋಟ್

1974ರಲ್ಲಿ ಜಪಾನಿನ ಕವಾಸಾಕಿ ತನ್ನ ಮೋಟಾರ್‌ಸೈಕಲ್ ಫ್ರೇಮ್‌ಗಳಿಗೆ ಆರ್ಕ್ ವೆಲ್ಡಿಂಗ್ ರೋಬೋಟ್ ಹಾಕಿತು. ಅಲ್ಲಿಂದ ಇಲ್ಲಿಯವರೆಗೂ ಒಂದು ತಪ್ಪು ಕಲ್ಪನೆ ಉಳಿದುಕೊಂಡಿದೆ: ರೋಬೋಟ್ ತಂದರೆ ಗುಣಮಟ್ಟ ತಾನಾಗಿ ಬರುತ್ತದೆ ಅಂತ. ರೋಬೋಟ್ ಕಲಿಸಿದ ಜಾಗಕ್ಕೆ ಮತ್ತೆ ಮತ್ತೆ ಮಿಲಿಮೀಟರ್‌ನ ಹತ್ತನೇ ಒಂದು ಭಾಗದೊಳಗೆ ಬಂದು ನಿಲ್ಲುತ್ತದೆ, ನಿಜ. ಆದರೆ ಜಾಬ್ ಅಲ್ಲಿರುತ್ತದಾ? ಜಾಯಿಂಟ್ ತಂತಿಯ ದಪ್ಪದ ಅರ್ಧಕ್ಕಿಂತ ಹೆಚ್ಚು ಆಚೀಚೆ ಆಗಬಾರದು ಎಂಬುದು ಈ ಕೆಲಸದವರ ಕೈಲೆಕ್ಕ. 1.2 ಮಿ.ಮೀ. ತಂತಿಗೆ 0.6 ಮಿ.ಮೀ. ಗ್ಯಾಸ್ ಕಟಿಂಗ್ ಮಾಡಿ, ಬೆಂಡ್ ಮಾಡಿ, ಟ್ಯಾಕ್ (ತುಂಡುಗಳನ್ನು ಹಿಡಿದು ನಿಲ್ಲಿಸುವ ಚಿಕ್ಕ ಬೆಸುಗೆ) ಹೊಡೆದ ಪ್ಲೇಟು ಅಷ್ಟು ನಿಖರವಾಗಿ ಬರುವುದು ಅಪರೂಪ. ಸಾಲದ್ದಕ್ಕೆ ವೆಲ್ಡ್ ಮಾಡುತ್ತಾ ಹೋದಂತೆ ಬಿಸಿಗೆ ಜಾಬ್ ತಿರುಚಿಕೊಳ್ಳುತ್ತದೆ. ಮನುಷ್ಯ ಗ್ಯಾಪ್ ಕಂಡ ಕೂಡಲೇ ಕೈ ನಿಧಾನ ಮಾಡುತ್ತಾನೆ, ಸ್ವಲ್ಪ ಆಡಿಸುತ್ತಾನೆ, ಗ್ಯಾಪ್ ತುಂಬಿಸುತ್ತಾನೆ. ಯಾಕೆ ಹಾಗೆ ಮಾಡಿದಿರಿ ಅಂತ ಕೇಳಿದರೆ ಹೇಳಲೂ ಬರುವುದಿಲ್ಲ. ರೋಬೋಟ್ ಗಾಳಿಯಲ್ಲೇ ಅಂದವಾದ ಬೀಡ್ ಹಾಕಿಕೊಂಡು ಹೋಗುತ್ತದೆ.

ಕಣ್ಣು ಕೊಡಲು ಎರಡು ದಾರಿ ಬಳಕೆಯಲ್ಲಿವೆ. ಅಗ್ಗದ್ದು ಮುಟ್ಟಿ ನೋಡುವುದು. ಆರ್ಕ್ ಹೊತ್ತಿಸುವ ಮೊದಲು ತಂತಿಯ ತುದಿಗೆ ಸಣ್ಣ ವೋಲ್ಟೇಜ್ ಕೊಟ್ಟು ರೋಬೋಟ್ ಪ್ಲೇಟನ್ನು ಎರಡು ಮೂರು ಕಡೆ ಮುಟ್ಟುತ್ತದೆ. ಕರೆಂಟ್ ಹರಿದ ಕಡೆ ಪ್ಲೇಟಿದೆ. ನಂಬಿಕಸ್ಥ ವಿಧಾನ, ಆದರೆ ಪ್ರತಿ ಮುಟ್ಟುವಿಕೆಗೂ ಸೆಕೆಂಡುಗಳು ಹೋಗುತ್ತವೆ. ಎರಡನೆಯದು ಲೇಸರ್. ಟಾರ್ಚಿನ ಸ್ವಲ್ಪ ಮುಂದೆ ಒಂದು ಲೇಸರ್ ಗೆರೆ ಬೀಳುತ್ತದೆ, ಓರೆಯಿಂದ ಕ್ಯಾಮೆರಾ ನೋಡುತ್ತದೆ. ಜಾಯಿಂಟ್ ಇರುವಲ್ಲಿ ಗೆರೆ ಮುರಿದಂತೆ ಕಾಣುತ್ತದೆ. ಆ ಮುರಿತದಿಂದ ಜಾಗ, ಗ್ಯಾಪ್, ಆಳ ಎಲ್ಲ ಲೆಕ್ಕ ಹಾಕಬಹುದು. ಆರ್ಕಿನ ಬೆಳಕಿನಲ್ಲಿ ಕ್ಯಾಮೆರಾ ಕುರುಡಾಗಲ್ವಾ? ಲೇಸರಿನ ಬಣ್ಣವನ್ನು ಮಾತ್ರ ಒಳಗೆ ಬಿಡುವ ಫಿಲ್ಟರ್ ಹಾಕಿರುತ್ತಾರೆ. ಇಕ್ಕಟ್ಟಿನ ಮೂಲೆಗೆ ಲೇಸರ್ ತಲೆ ಹೋಗುವುದಿಲ್ಲ, ಹೊಳೆಯುವ ಅಲ್ಯೂಮಿನಿಯಂ ಮೇಲೆ ಗೆರೆ ಚದುರುತ್ತದೆ, ಮುಂದಿನ ಗಾಜಿಗೆ ಸ್ಪಾಟರ್ ಅಂಟುತ್ತದೆ. ಆದರೂ ಇದೇ ಸದ್ಯಕ್ಕೆ ಸಿಗುವ ಒಳ್ಳೆಯ ಕಣ್ಣು.

ನನ್ನನ್ನು ಕೇಳಿದರೆ, ಲೇಸರ್‌ಗೆ ಸುರಿಯುವ ದುಡ್ಡಿನಲ್ಲಿ ಮೊದಲು ಜಾಬನ್ನು ಅಲುಗದಂತೆ ಹಿಡಿಯುವ ಒಂದು ಗಟ್ಟಿ ಫಿಕ್ಸ್ಚರ್ ಮಾಡಿಸುವುದು ಮೇಲು. ಕಟಿಂಗ್ ಸರಿಯಿದ್ದರೆ ಅರ್ಧ ಕಾಯಿಲೆ ಅಲ್ಲೇ ವಾಸಿ.

ಸರಾಸರಿ ಎಂಬ ಮೋಸ

ಈಗ ಡೇಟಾ. ಕರೆಂಟ್ ಅಳೆಯಲು ಕೇಬಲ್ ಸುತ್ತ ಕಾಂತಕ್ಷೇತ್ರ ಗ್ರಹಿಸುವ ಹಾಲ್ ಸೆನ್ಸರಿನ ಬಳೆ ತೊಡಿಸಿದರೆ ಸಾಕು. ಕೇಬಲ್ ಮುಟ್ಟುವುದೇ ಬೇಡ. ವೋಲ್ಟೇಜ್ ಅಳೆಯುವಾಗ ಮಾತ್ರ ಹುಷಾರು. ಮೆಷಿನ್ ಹಿಂದೆ ಅಳೆದರೆ ಉದ್ದ ಕೇಬಲ್ ಎರಡು ಮೂರು ವೋಲ್ಟ್ ನುಂಗಿರುತ್ತದೆ. ಪ್ಯಾನೆಲ್ 26 ಅನ್ನುತ್ತದೆ, ಆರ್ಕಿಗೆ ಸಿಕ್ಕಿದ್ದು 23. ವೈರ್ ಫೀಡರ್ (ತಂತಿ ದೂಡುವ ಪೆಟ್ಟಿಗೆ) ಹತ್ತಿರ ಒಂದು ತುದಿ, ಜಾಬ್ ಮೇಲೆ ಇನ್ನೊಂದು ತುದಿ ಹಿಡಿದು ಅಳೆಯಬೇಕು.

ಆಮೇಲೆ ಬರುವ ಪ್ರಶ್ನೆ: ಸೆಕೆಂಡಿಗೆ ಎಷ್ಟು ಸಲ ಅಳೆಯಬೇಕು? ಒಂದೇ ಸಲ ಅಳೆದರೆ ಸರಾಸರಿ ಸಿಗುತ್ತದೆ. ನೂರು ಶಾರ್ಟ್ ಸರ್ಕ್ಯೂಟ್ ಸಮನಾಗಿ ಆದ ಬೆಸುಗೆಗೂ, ಅಡ್ಡಾದಿಡ್ಡಿಯಾಗಿ ಆದ ಬೆಸುಗೆಗೂ ಸರಾಸರಿ ಒಂದೇ ಬರಬಹುದು. ಹೊಳೆಯ ಸರಾಸರಿ ಆಳ ನೋಡಿ ದಾಟಲು ಹೋದವನ ಕಥೆ ಇದು.

ಕರೆಂಟನ್ನು ಏರಿಸಿ ಇಳಿಸಿ ಬಿಡುವ ಪಲ್ಸ್ ಮೆಷಿನ್‌ಗಳಲ್ಲಿ ಈ ಮೋಸ ಲೆಕ್ಕಕ್ಕೇ ಸಿಗುತ್ತದೆ. ಅರ್ಧ ಸಮಯ 400 ಆಂಪಿಯರ್ 30 ವೋಲ್ಟ್, ಇನ್ನರ್ಧ 50 ಆಂಪಿಯರ್ 20 ವೋಲ್ಟ್ ಅಂದುಕೊಳ್ಳಿ. ಸರಾಸರಿ 225 ಆಂಪಿಯರ್, 25 ವೋಲ್ಟ್. ಗುಣಿಸಿದರೆ 5625 ವ್ಯಾಟ್. ಆದರೆ ನಿಜವಾಗಿ ಹೋದದ್ದು 12,000 ಮತ್ತು 1000ದ ಸರಾಸರಿ, ಅಂದರೆ 6500 ವ್ಯಾಟ್. ಸಣ್ಣ ವ್ಯತ್ಯಾಸವಲ್ಲ. ಜಾಬ್‌ಗೆ ಎಷ್ಟು ಬಿಸಿ ಹೋಯಿತು ಎಂಬುದು ಉಕ್ಕಿನ ಗಟ್ಟಿತನವನ್ನೇ ಬದಲಿಸುತ್ತದೆ. ಇದನ್ನು ಹೀಟ್ ಇನ್‌ಪುಟ್ ಎನ್ನುತ್ತಾರೆ. ಲೆಕ್ಕ ಸರಳ: ವೋಲ್ಟ್, ಆಂಪಿಯರ್ ಗುಣಿಸಿ ವೇಗದಿಂದ ಭಾಗಿಸುವುದು. 25 ವೋಲ್ಟ್, 200 ಆಂಪಿಯರ್, ಸೆಕೆಂಡಿಗೆ 5 ಮಿ.ಮೀ. ವೇಗವಾದರೆ ಪ್ರತಿ ಮಿ.ಮೀ.ಗೆ 1 ಕಿಲೋಜೂಲ್. ಪಲ್ಸ್ ಮೆಷಿನ್‌ಗೆ ಈ ಸರಾಸರಿ ಗುಣಾಕಾರ ಸಾಲದು ಅಂತಲೇ 2010ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಎಎಸ್‌ಎಂಇ ತನ್ನ ಬಾಯ್ಲರ್ ಸಂಹಿತೆಯ ಒಂಬತ್ತನೇ ವಿಭಾಗದಲ್ಲಿ, ಕ್ಷಣಕ್ಷಣದ ಶಕ್ತಿಯನ್ನು ಕೂಡಿ ತೋರಿಸುವ ಮೀಟರಿನ ಲೆಕ್ಕ ಸೇರಿಸಿತು.

ಹಾಗಾಗಿ ಸೆಕೆಂಡಿಗೆ 10,000 ಸಲ ಅಳೆಯೋಣ. ಪ್ರತಿ ಅಳತೆಗೆ 2 ಬೈಟ್, ಕರೆಂಟ್ ವೋಲ್ಟೇಜ್ ಎರಡು. ಒಂದು ಗಂಟೆಯ ಆರ್ಕಿಗೆ 144 ಎಂಬಿ. ಇದನ್ನೆಲ್ಲ ಕೂಡಿಟ್ಟು ಪ್ರಯೋಜನವಿಲ್ಲ. ಮೆಷಿನ್ ಪಕ್ಕದ ಪುಟ್ಟ ಕಂಪ್ಯೂಟರ್ ಅದನ್ನು ಅರೆದು ಕೆಲವೇ ಅಂಕಿ ತೆಗೆಯುತ್ತದೆ: ಆ ಸೆಕೆಂಡಿನ ಸರಾಸರಿ, ಏರಿಳಿತ, ಶಾರ್ಟ್‌ಗಳ ಎಣಿಕೆ, ಎರಡು ಶಾರ್ಟ್‌ಗಳ ನಡುವಿನ ಅಂತರ ಎಷ್ಟು ಸಮನಾಗಿದೆ ಎಂಬುದು. ಈ ಕೊನೆಯದೇ ಹಿರಿಯರ ಕಿವಿ.

ಗ್ಯಾಸ್‌ಗೆ ಒಂದು ಫ್ಲೋ ಸೆನ್ಸರ್ ಹಾಕುತ್ತಾರೆ. ನಿಮಿಷಕ್ಕೆ 15 ಲೀಟರ್ ಆಸುಪಾಸು ಹರಿಯಬೇಕು. ಬೇಸಿಗೆಯಲ್ಲಿ ಯಾರೋ ಪುಣ್ಯಾತ್ಮರು ಸೆಕೆ ಅಂತ ಪೆಡೆಸ್ಟಲ್ ಫ್ಯಾನ್ ಹಾಕುತ್ತಾರೆ. ಪೈಪಿನಲ್ಲಿ ಗ್ಯಾಸ್ ಸರಿಯಾಗಿಯೇ ಹರಿಯುತ್ತಿದೆ, ಸೆನ್ಸರ್ ಹಸಿರು ದೀಪ ತೋರಿಸುತ್ತಿದೆ. ಟಾರ್ಚಿನ ಬಾಯಾದ ನಾಜಲ್ ಮುಂದೆ ಮಾತ್ರ ಗಾಳಿ ಅದನ್ನು ಹೊತ್ತೊಯ್ದಿದೆ. ಬೆಸುಗೆ ತುಂಬ ಬ್ಲೋಹೋಲ್, ಅಂದರೆ ಗಾಳಿಗುಳ್ಳೆಯ ತೂತು. ಇಲ್ಲಿ ಆರ್ಕಿನ ಏರಿಳಿತವೇ ಸುಳಿವು ಕೊಡಬೇಕು. ಒಂದೇ ಸೆನ್ಸರ್ ನಂಬಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಯಾರೂ ಅಷ್ಟಾಗಿ ಮಾತಾಡದ ಒಂದು ಅಳತೆ ಇದೆ: ತಂತಿ ದೂಡುವ ಮೋಟಾರು ಎಳೆಯುವ ಕರೆಂಟ್. ಟಾರ್ಚ್ ಕೇಬಲ್ ಒಳಗಿನ ಲೈನರಿನಲ್ಲಿ ತಂತಿಯ ಪುಡಿ ತುಂಬುತ್ತಾ ಬಂದಂತೆ ಮೋಟಾರು ಏದುಸಿರು ಬಿಡುತ್ತದೆ. ಕರೆಂಟ್ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಏರುತ್ತದೆ. ಬೆಸುಗೆ ಕೆಡುವ ಮೊದಲೇ ಲೈನರ್ ಬದಲಿಸಬಹುದು. ಕೃತಕ ಬುದ್ಧಿಮತ್ತೆ ಏನೂ ಬೇಡ, ಒಂದು ಗ್ರಾಫ್ ಸಾಕು.

ಎಲ್ಲ ಹಸಿರು, ಆದರೂ ಬೆಸುಗೆ ಕೆಟ್ಟಿದೆ

ಈ ಅಂಕಿಗಳು ಹೇಳುವುದು ಇಷ್ಟೇ: ಬೆಸುಗೆ ಹೇಗೆ ಮಾಡಬೇಕೆಂದು ಹೇಳುವ ಡಬ್ಲ್ಯೂಪಿಎಸ್ ಎಂಬ ಕಾಗದದಲ್ಲಿ ಬರೆದ ಹಾಗೆ ಬೆಸುಗೆ ನಡೆಯಿತು, ಅಥವಾ ನಡೆಯಲಿಲ್ಲ. ಬೆಸುಗೆ ಒಳ್ಳೆಯದಾಗಿದೆ ಅಂತ ಅವು ಹೇಳುವುದಿಲ್ಲ. ಟಾರ್ಚ್ ಎರಡು ಮಿ.ಮೀ. ಪಕ್ಕಕ್ಕೆ ವಾಲಿ ಒಂದೇ ಪ್ಲೇಟಿನ ಮೇಲೆ ಬೀಡ್ ಕೂತಿದ್ದರೂ ಕರೆಂಟ್, ವೋಲ್ಟೇಜ್ ಸರಿಯಾಗಿಯೇ ಇರಬಹುದು. ತೇವ, ಎಣ್ಣೆ, ತುಕ್ಕಿನಿಂದ ಹೈಡ್ರೋಜನ್ ಒಳಸೇರಿದರೆ ಗಟ್ಟಿ ಉಕ್ಕಿನಲ್ಲಿ ಬಿರುಕು ಬರುವುದು ಗಂಟೆಗಳ ನಂತರ, ಕೆಲವೊಮ್ಮೆ ಎರಡು ದಿನದ ನಂತರ. ಆಗ ಆರ್ಕ್ ಆರಿ ಎಷ್ಟೋ ಹೊತ್ತಾಗಿರುತ್ತದೆ. ಯಾವ ಆರ್ಕ್ ಸೆನ್ಸರ್ ಅದನ್ನು ನೋಡೀತು?

ಮಷಿನ್ ಲರ್ನಿಂಗ್ ಇದನ್ನೆಲ್ಲ ಬಗೆಹರಿಸುತ್ತದೆ ಎಂಬ ಮಾತು ಜೋರಾಗಿದೆ. ಒಂದು ಲೆಕ್ಕ ಹಾಕೋಣ. ಸಾವಿರ ಬೆಸುಗೆಯಲ್ಲಿ 5 ಕೆಟ್ಟವು ಅಂದುಕೊಳ್ಳಿ. ಸಾಫ್ಟ್‌ವೇರ್ ಐದನ್ನೂ ಹಿಡಿಯಿತು. ಆದರೆ ಒಳ್ಳೆಯ ಬೆಸುಗೆಗಳಲ್ಲೂ ನೂರಕ್ಕೆ ಎರಡರ ಮೇಲೆ ಸುಮ್ಸುಮ್ನೆ ಗಂಟೆ ಬಾರಿಸಿತು. ಅವು ಸುಮಾರು 20. ಅಂದರೆ 25 ಸಲ ಗಂಟೆ ಬಾರಿಸಿದರೆ 20 ಸಲ ಸುಳ್ಳು. ಎರಡನೇ ವಾರಕ್ಕೆ ಯಾರೋ ಗಂಟೆಯ ವೈರ್ ಕಿತ್ತಿರುತ್ತಾರೆ. ಇನ್ನೊಂದು ತೊಡಕು: ಕಲಿಸಲು ಕೆಟ್ಟ ಬೆಸುಗೆಗಳ ಡೇಟಾ ಬೇಕು. ಒಳ್ಳೆಯ ಕಾರ್ಖಾನೆಯಲ್ಲಿ ಅವು ಸಿಗುವುದೇ ಕಡಿಮೆ. ಬೇಕೆಂತಲೇ ಗ್ಯಾಸ್ ನಿಲ್ಲಿಸಿ, ಗ್ಯಾಪ್ ಬಿಟ್ಟು ಕೆಡಿಸಿ ಕಲಿಸುತ್ತಾರೆ. ಆಮೇಲೆ ಪ್ಲೇಟಿನ ದಪ್ಪವೋ ತಂತಿಯೋ ಬದಲಾದರೆ ಪಾಠ ಮತ್ತೆ ಮೊದಲಿನಿಂದ.

ಕೆಲಸಗಾರರ ಕಡೆಯದ್ದೂ ಒಂದು ಮಾತಿದೆ. ಕೈಯಲ್ಲಿ ವೆಲ್ಡ್ ಮಾಡುವವರ ಪಾಳಿಯಲ್ಲಿ ಆರ್ಕ್ ಹೊತ್ತಿರುವುದು ಸಾಮಾನ್ಯವಾಗಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಉಳಿದ ಹೊತ್ತು ಜಾಬ್ ಹೊಂದಿಸುವುದು, ಸ್ಪಾಟರ್ ಕೆರೆಯುವುದು, ಕ್ರೇನಿಗೆ ಕಾಯುವುದು. ಡೇಟಾ ಬಂದ ಕೂಡಲೇ ಕೆಲವು ಮ್ಯಾನೇಜರ್‌ಗಳು ಇದನ್ನು ಹಾಜರಿ ಪುಸ್ತಕ ಮಾಡಿಕೊಳ್ಳುತ್ತಾರೆ. ಕ್ರೇನ್ ತಡವಾದದ್ದಕ್ಕೆ ವೆಲ್ಡರ್‌ಗೆ ಬೈಗುಳ. ಹಾಗೆ ಮಾಡಿದ ಶೆಡ್ಡಿನಲ್ಲಿ ಸುಮ್ನೆ ಆರ್ಕ್ ಹೊತ್ತಿಸಿಡುವುದನ್ನು ಜನ ಬೇಗ ಕಲಿಯುತ್ತಾರೆ. ರೋಬೋಟ್ ಬೇಡವೇ ಬೇಡ ಅಂತಲೂ ಅಲ್ಲ. ವೆಲ್ಡಿಂಗ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ತೀರ್ಮಾನಿಸಿದೆ. ಆ ಹೊಗೆಯಿಂದ ಮನುಷ್ಯ ಎರಡು ಹೆಜ್ಜೆ ಹಿಂದೆ ನಿಂತರೆ ಒಳ್ಳೆಯದೇ.

ಪೀಣ್ಯದ ಒಂದು ಸಣ್ಣ ಶೆಡ್ ಎಲ್ಲಿಂದ ಶುರು ಮಾಡಬಹುದು? ಒಂದೇ ಮೆಷಿನ್ ಸಾಕು, ಜಾಸ್ತಿ ರಿಜೆಕ್ಷನ್ ಬರುವುದು. ಅದಕ್ಕೆ ಕರೆಂಟ್, ವೋಲ್ಟೇಜ್, ಗ್ಯಾಸ್ ಮೂರೇ ಸೆನ್ಸರ್. ಮೊದಲ ತಿಂಗಳು ಗಂಟೆ, ದೀಪ ಏನೂ ಬೇಡ. ಬರೀ ದಾಖಲೆ, ಮತ್ತು ಗ್ರಾಫ್ ವಿಚಿತ್ರವಾಗಿ ಕಂಡಾಗ ಆ ವೆಲ್ಡರ್ ಹತ್ತಿರ "ಇಲ್ಲಿ ಏನಾಯ್ತು ಅಣ್ಣಾ?" ಅಂತ ಕೇಳುವುದು. ಟಿಪ್ ಸವೆದಿತ್ತು, ಕೇಬಲ್ ಮಡಚಿತ್ತು, ಅರ್ಥ್ ಕ್ಲ್ಯಾಂಪ್ ಸಡಿಲವಿತ್ತು ಅಂತ ಅವರು ಹೇಳಿದ್ದನ್ನೇ ಗ್ರಾಫಿನ ಪಕ್ಕ ಬರೆದಿಡಬೇಕು.

ಇದರಲ್ಲಿ ಎಲ್ಲರೂ ಎಡವುವುದು ಸೆನ್ಸರಿನಲ್ಲಿ ಅಲ್ಲ, ನಂಬರಿನಲ್ಲಿ. ಯಾವ ಗ್ರಾಫ್ ಯಾವ ಜಾಬ್‌ನದು ಅಂತ ಆರು ತಿಂಗಳ ಮೇಲೆ ಹೇಳಲು ಬರಬೇಕು. ಚಾಕ್‌ಪೀಸಿನಲ್ಲಿ ಬರೆದ ನಂಬರ್ ಗ್ರೈಂಡಿಂಗ್‌ಗೇ ಅಳಿಸಿಹೋಗುತ್ತದೆ, ಸ್ಟಿಕ್ಕರ್ ಬಿಸಿಗೆ ಸುಟ್ಟುಹೋಗುತ್ತದೆ. ಮೊದಲ ಟ್ಯಾಕ್ ಹಾಕುವ ಮುಂಚೆಯೇ ನಂಬರನ್ನು ಲೋಹದ ಮೇಲೆ ಪಂಚ್ ಹೊಡೆದುಬಿಡಬೇಕು, ಬೀಡ್ ಬೀಳುವ ಜಾಗ ಬಿಟ್ಟು, ಬಣ್ಣ ಬಳಿದ ಮೇಲೂ ಬೆರಳಿಗೆ ಸಿಗುವಷ್ಟು ಆಳವಾಗಿ.